ಹಿಂದಿನ ಡಿರೇಲರ್ ಮೇಲಿನ ಆ ಸಣ್ಣ ಲಿವರ್: ಆನ್ ಇಡಬೇಕಾ, ಆಫ್ ಇಡಬೇಕಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಂಟಿಬಿ (ಮೌಂಟನ್ ಬೈಕ್) ಒಂದನ್ನು ತಗೊಂಡಿದ್ದೇನೆ. ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ), ಹಿಂದೆ 11 ಗೇರ್, ಎಲ್ಲ ಶಿಮಾನೊ ಕಂಪನಿಯದ್ದು. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮೇಲೆ ಆನ್-ಆಫ್ ಅಂತ ಬರೆದಿರುವ ಸಣ್ಣ ಲಿವರ್ ಇದೆ. ಅಂಗಡಿಯವರು "ಅದು ಕ್ಲಚ್, ಆಫ್‌ನಲ್ಲೇ ಇರಲಿ, ಗೇರ್ ಸ್ಮೂತ್ ಆಗಿ ಬೀಳುತ್ತೆ" ಅಂದರು. ಈಗ ಎಸ್ಟೇಟ್ ರೋಡಿನಲ್ಲಿ ಇಳಿಯುವಾಗ ಚೈನ್ ಪಟಪಟ ಅಂತ ಬಡಿಯುತ್ತದೆ, ಒಂದೆರಡು ಸಲ ಕಳಚಿಯೂ ಬಿತ್ತು. ಆನ್ ಮಾಡಿದರೆ ಗೇರ್ ಹಾಕಲು ಗಟ್ಟಿ. ಪ್ರತಿ ಸಲ ಗೇರ್ ಬದಲಿಸುವಾಗ ಆಫ್ ಮಾಡಬೇಕಾ? ಕ್ಲಚ್‌ನಿಂದ ಚೈನ್ ಬಿಗಿಯಾಗಿ ಬೇಗ ಸವೆಯುತ್ತೆ ಅಂತಾರೆ, ನಿಜವಾ? ಹಾಸನದಲ್ಲಿರುವ ತಮ್ಮನದ್ದು ಮುಂದೆ 3, ಹಿಂದೆ 8 ಗೇರ್ ಇರುವ ಸೈಕಲ್. ಅದಕ್ಕೂ ಇದನ್ನು ಹಾಕಿಸಬಹುದಾ? (ಆಲ್ದೂರಿನ ಓದುಗರು)

ಉತ್ತರ:

ಆನ್‌ನಲ್ಲೇ ಇಡಿ. ಸೈಕಲ್ ಓಡಿಸುವಷ್ಟು ಹೊತ್ತೂ ಆನ್. ಗೇರ್ ಬದಲಿಸುವಾಗ ಆಫ್ ಮಾಡುವ ಅಗತ್ಯ ಇಲ್ಲ, ಮೋಟಾರ್ ಬೈಕಿನಲ್ಲಿ ಎಡಗೈಯಲ್ಲಿ ಹಿಡಿದು ಗೇರ್ ಹಾಕುವ ಕ್ಲಚ್‌ಗೂ ಇದಕ್ಕೂ ಸಂಬಂಧ ಇಲ್ಲ. ಹಿಂದಿನ ಚಕ್ರ ಬಿಚ್ಚುವಾಗ, ಚೈನ್ ಹಾಕುವಾಗ ಮಾತ್ರ ಆಫ್. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಆನ್ ಮಾಡಿದರೆ ಗೇರ್ ಗಟ್ಟಿ ಅಂತ ಬರೆದಿದ್ದೀರಲ್ಲ, ಅಸಲಿ ವಿಷಯ ಇರುವುದು ಅಲ್ಲಿ. ನನಗೆ ಅನುಮಾನ ಕ್ಲಚ್ ಮೇಲಲ್ಲ, ನಿಮ್ಮ ಗೇರ್ ಕೇಬಲ್ ಮೇಲೆ. ಯಾಕೆ ಅಂತ ಹೇಳಬೇಕಾದರೆ ಕ್ಲಚ್ ಏನು ಮಾಡುತ್ತೆ, ಏನು ಮಾಡಲ್ಲ ಅನ್ನುವುದು ಮೊದಲು ಗೊತ್ತಾಗಬೇಕು.

ಕ್ಲಚ್ ಇಲ್ಲದ ಸಾದಾ ಡಿರೇಲರ್ ನೋಡಿ. ಅದರ ಕೆಳಗೆ ಎರಡು ಸಣ್ಣ ಹಲ್ಲಿನ ಚಕ್ರ ಇರುವ ತೋಳು ನೇತಾಡುತ್ತಿರುತ್ತದೆ. ಅದು ಕೇಜ್, ಚಕ್ರಗಳು ಪುಲ್ಲಿ. ಕೇಜಿನ ಬುಡದಲ್ಲಿ ಒಂದು ಸ್ಪ್ರಿಂಗ್ ಕೂತಿದೆ, ಅದರ ಕೆಲಸ ಕೇಜನ್ನು ಯಾವಾಗಲೂ ಹಿಂದಕ್ಕೆ ಎಳೆಯುತ್ತಾ ಇರುವುದು. ದೊಡ್ಡ ಗೇರಿಗೆ, ಅಂದರೆ ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ, ಹಾಕಿದರೆ ಜಾಸ್ತಿ ಚೈನ್ ಬೇಕು, ಕೇಜ್ ಮುಂದಕ್ಕೆ ಹೋಗಿ ಚೈನ್ ಬಿಟ್ಟುಕೊಡುತ್ತದೆ. ಸಣ್ಣ ಗೇರಿಗೆ ಬಂದರೆ ಚೈನ್ ಮಿಗುತ್ತದೆ, ಕೇಜ್ ಹಿಂದಕ್ಕೆ ಹೋಗಿ ಅದನ್ನು ಎಳೆದುಕೊಳ್ಳುತ್ತದೆ. ನಿಮ್ಮದು 11 ಹಲ್ಲಿನಿಂದ 42 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಗೇರುಗಳ ಗುಚ್ಛ) ಅಂದುಕೊಳ್ಳಿ. ಚೈನ್ ಸುತ್ತುವುದು ಹೆಚ್ಚುಕಡಿಮೆ ಅರ್ಧ ಹಲ್ಲುಗಳನ್ನು ಮಾತ್ರ, ಹಾಗಾಗಿ ಈ ತುದಿಗೂ ಆ ತುದಿಗೂ ಸುಮಾರು 20 ಸೆಂಟಿಮೀಟರ್ ಚೈನ್ ವ್ಯತ್ಯಾಸ ಬರುತ್ತದೆ. ಇಷ್ಟುದ್ದ ಚೈನನ್ನು ಒಂದು ಸ್ಪ್ರಿಂಗ್ ಸಂಭಾಳಿಸಬೇಕು.

ಟಾರ್ ರೋಡಿನಲ್ಲಿ ಇದು ಸಾಕು. ಮುಳ್ಳಯ್ಯನಗಿರಿಯಿಂದ ಕೈಮರದ ಕಡೆ ಟಾರ್ ಮೇಲೆ ಇಳಿದು ಬಂದರೆ ಕ್ಲಚ್ ಇಲ್ಲದಿದ್ದರೂ ದೊಡ್ಡ ತೊಂದರೆ ಆಗಲ್ಲ. ಅದೇ ನೀವು ತೋಟದೊಳಗಿನ ಜೀಪ್ ರೋಡಿಗೆ ಇಳಿದಿರಿ ಅಂದುಕೊಳ್ಳಿ, ಮಳೆ ನೀರು ಕೊರೆದ ಕೊರಕಲು, ಎದ್ದು ನಿಂತ ಕಲ್ಲು, ಮರದ ಬೇರು. ಸೈಕಲ್ ಕುಣಿಯುತ್ತೆ, ಜೊತೆಗೆ ಕೆಳಗಿನ ಚೈನೂ ಕುಣಿಯುತ್ತೆ. ಚೈನಿಗೂ ತೂಕ ಇದೆ ಅಲ್ವಾ, ಅದು ಕುಣಿದಾಗ ಕೇಜನ್ನು ಮುಂದಕ್ಕೆ ಜಗ್ಗುತ್ತದೆ. ಸ್ಪ್ರಿಂಗ್ ಒಂದು ಕ್ಷಣ ಸೋಲುತ್ತದೆ. ಆ ಕ್ಷಣದಲ್ಲಿ ಕೇಜ್ ಬಿಟ್ಟುಕೊಟ್ಟ ಚೈನ್ ಎಲ್ಲಿಗೆ ಹೋಗಬೇಕು? ನೀವು ಪೆಡಲ್ ನಿಲ್ಲಿಸಿ ಇಳಿಯುತ್ತಿದ್ದರೆ ಮೇಲಿನ ಚೈನಿನಲ್ಲೂ ಬಿಗಿ ಇರಲ್ಲ, ಸಡಿಲ ಅಲ್ಲಿಗೇ ಹೋಗುತ್ತದೆ, ಚೈನ್ ಎಗರಿ ಚೈನ್‌ಸ್ಟೇಗೆ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮ್ ಕೊಳವೆಗೆ) ಬಡಿಯುತ್ತದೆ, ಗ್ರಹಚಾರ ಕೆಟ್ಟಿದ್ದರೆ ಮುಂದಿನ ರಿಂಗಿನ ಹಲ್ಲು ಬಿಟ್ಟು ಪಕ್ಕಕ್ಕೆ ಬೀಳುತ್ತದೆ. ಗಮನಿಸಿ ನೋಡಿ, ನಿಮ್ಮ ಚೈನ್ ಬಿದ್ದದ್ದು ಗಟ್ಟಿಯಾಗಿ ತುಳಿಯುವಾಗ ಅಲ್ಲ, ಪೆಡಲ್ ನಿಲ್ಲಿಸಿ ಇಳಿಯುವಾಗಲೇ ಇರುತ್ತದೆ.

ಹಾಗಾದರೆ ಸ್ಪ್ರಿಂಗನ್ನೇ ಗಟ್ಟಿ ಮಾಡಿದರೆ ಆಯ್ತಲ್ಲ ಅನ್ನಿಸಬಹುದು. ಆಗಲ್ಲ. ಸ್ಪ್ರಿಂಗ್ ಇಪ್ಪತ್ತನಾಲ್ಕು ಗಂಟೆಯೂ ಎಳೆಯುತ್ತದೆ. ಅದನ್ನು ಜಾಸ್ತಿ ಮಾಡಿದರೆ ಪ್ರತಿ ಸುತ್ತಿಗೂ ಪುಲ್ಲಿ, ಚೈನ್ ಎಲ್ಲದರ ಮೇಲೂ ಭಾರ ಬೀಳುತ್ತದೆ. ಬೇಕಾಗಿರುವುದು ಬೇರೆ: ಚೈನ್ ಸುಮ್ನೆ ಓಡುವಾಗ ಏನೂ ಮಾಡದ, ಕೇಜ್ ಮುಂದಕ್ಕೆ ಓಡಲು ಹೊರಟಾಗ ಮಾತ್ರ ಹಿಡಿದುಕೊಳ್ಳುವ ಒಂದು ವ್ಯವಸ್ಥೆ.

ಕ್ಲಚ್ ಅಂದರೆ ಅದೇ. ಸೈಕಲಿನ ಫ್ರೀವೀಲ್ ಗೊತ್ತಲ್ಲ, ಒಂದು ಕಡೆಗೆ ತಿರುಗಿದರೆ ಕಚ್ಚುತ್ತದೆ, ಇನ್ನೊಂದು ಕಡೆಗೆ ಸುಮ್ನೆ ತಿರುಗುತ್ತದೆ. ಕೇಜಿನ ಬುಡದಲ್ಲೂ ಅಂಥದ್ದೇ ಒಂದು ಸಣ್ಣ ರೋಲರ್ ಕ್ಲಚ್ ಇದೆ. ಶಿಮಾನೊದಲ್ಲಿ ಅದರ ಸುತ್ತ ಒಂದು ಲೋಹದ ಪಟ್ಟಿ ಬಿಗಿದಿರುತ್ತದೆ. ಕೇಜ್ ಹಿಂದಕ್ಕೆ ಹೋಗುವಾಗ ರೋಲರ್ ಕಚ್ಚಲ್ಲ, ಸ್ಪ್ರಿಂಗ್ ತನ್ನ ಪಾಡಿಗೆ ಚೈನ್ ಎಳೆದುಕೊಳ್ಳುತ್ತದೆ. ಮುಂದಕ್ಕೆ ಹೋಗಲು ಹೊರಟರೆ ರೋಲರ್ ಕಚ್ಚುತ್ತದೆ, ಆಗ ಪಟ್ಟಿಯ ಹಿಡಿತವನ್ನು ಗೆದ್ದು ಜಾರಿಸಿಕೊಂಡೇ ಕೇಜ್ ಮುಂದೆ ಹೋಗಬೇಕು. ಪೂರ್ತಿ ಲಾಕ್ ಅಲ್ಲ, ಜಾರುತ್ತದೆ, ಆದರೆ ಕಷ್ಟಪಟ್ಟು ಜಾರುತ್ತದೆ. ಕಲ್ಲಿನ ಮೇಲೆ ಹಾರಿದಾಗ ಚೈನ್ ಕೊಡುವ ಸಣ್ಣ ಜಗ್ಗಾಟಕ್ಕೆ ಆ ಹಿಡಿತವನ್ನು ಗೆಲ್ಲಲು ಆಗಲ್ಲ. ನೀವು ಗೇರ್ ಹಾಕಿದಾಗ ಚೈನ್ ಎಳೆಯುವ ಬಲಕ್ಕೆ ಆಗುತ್ತದೆ. ಲಿವರ್ ಆಫ್ ಮಾಡಿದರೆ ಪಟ್ಟಿಯ ಹಿಡಿತ ಸಡಿಲ, ಅಷ್ಟೇ.

ಇಲ್ಲಿಗೆ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು. ಕ್ಲಚ್ ಆನ್ ಮಾಡಿದ ಮಾತ್ರಕ್ಕೆ ಚೈನ್ ಬಿಗಿಯಾಗಲ್ಲ. ಚೈನಿನ ಬಿಗಿ ಸ್ಪ್ರಿಂಗಿನದ್ದು, ಅದು ಆನ್ ಇದ್ದರೂ ಆಫ್ ಇದ್ದರೂ ಒಂದೇ. ಒಂದೇ ಗೇರಿನಲ್ಲಿ ಸಮ ರಸ್ತೆಯಲ್ಲಿ ತುಳಿಯುವಾಗ ಕೇಜ್ ಅಲ್ಲಾಡುವುದೇ ಇಲ್ಲ, ಅಲ್ಲಾಡದ ಕೇಜಿಗೆ ಕ್ಲಚ್ ಇದ್ದರೇನು ಬಿಟ್ಟರೇನು. ಚೈನ್ ಬೇಗ ಸವೆಯುತ್ತೆ ಅನ್ನುವುದಕ್ಕೆ ಹುರುಳಿಲ್ಲ. ನಮ್ಮ ಕಡೆ ಚೈನ್ ಸವೆಯುವುದು ಕೆಂಪು ಮಣ್ಣಿನ ಕೆಸರಿನಿಂದ, ಅದರ ಮೇಲೆ ಜನ ಸುರಿಯುವ ಎಂಜಿನ್ ಆಯಿಲಿನಿಂದ.

ಇದು ಹಳೇ ಕಾಲದ ವಸ್ತುವೂ ಅಲ್ಲ. 2011-12ರ ಸುಮಾರಿಗೆ ಶಿಮಾನೊ ಮೊದಲು ತನ್ನ ಎಂಟಿಬಿ ಗೇರ್ ಸೆಟ್ ಎಕ್ಸ್‌ಟಿಆರ್‌ನಲ್ಲಿ ಶ್ಯಾಡೊ ಪ್ಲಸ್ ಅಂತ ತಂದಿತು, ಅದರ ಹಿಂದೆಯೇ ಇನ್ನೊಂದು ಕಂಪನಿ ಶ್ರಾಮ್ ಟೈಪ್ 2 ಅಂತ ತನ್ನದನ್ನು ತಂದಿತು. ಅದಕ್ಕೂ ಮೊದಲು ಒರಟು ದಾರಿಯಲ್ಲಿ ಓಡಿಸುವವರು ಮುಂದಿನ ರಿಂಗಿಗೆ ಚೈನ್ ಬೀಳದಂತೆ ತಡೆಯುವ ಚೈನ್ ಗೈಡ್ ಹಾಕುತ್ತಿದ್ದರು, ಚೈನ್‌ಸ್ಟೇಗೆ ಹಳೇ ಟ್ಯೂಬ್ ಸುತ್ತುತ್ತಿದ್ದರು. 2012ರಲ್ಲೇ ಶ್ರಾಮ್ ಎಕ್ಸ್‌ಎಕ್ಸ್1 ಬಂತು, ಮುಂದೆ ಒಂದೇ ರಿಂಗ್, ಹಿಂದೆ 11. ಮುಂದಿನ ಡಿರೇಲರ್ ಹೋಯಿತು ಅಂದರೆ ಚೈನನ್ನು ರಿಂಗಿನ ಮೇಲೆ ತಡೆದು ನಿಲ್ಲಿಸುತ್ತಿದ್ದ ಬೇಲಿಯೂ ಹೋಯಿತು. ಅದರ ಜಾಗಕ್ಕೆ ಬಂದದ್ದು ಎರಡು: ಒಂದು ಹಲ್ಲು ದಪ್ಪ, ಮುಂದಿನದು ತೆಳು ಹೀಗೆ ಮಾಡಿದ ನ್ಯಾರೋ-ವೈಡ್ ರಿಂಗ್, ಮತ್ತು ಈ ಕ್ಲಚ್. ಎರಡೂ ಸೇರಿದರೆ ಮಾತ್ರ ನಿಮ್ಮಂಥ ಸೈಕಲಿನಲ್ಲಿ ಚೈನ್ ನಿಲ್ಲುವುದು. ಅದರಲ್ಲಿ ಒಂದನ್ನು ಆಫ್ ಮಾಡಿ ಕಳಿಸಿದ್ದಾರೆ! ಆಮೇಲೆ 2018ರಲ್ಲಿ ಶಿಮಾನೊದ ಅಲ್ಟೆಗ್ರಾ ಆರ್‌ಎಕ್ಸ್, 2019ರಲ್ಲಿ ಜಿಆರ್‌ಎಕ್ಸ್ ಅಂತ ಡ್ರಾಪ್ ಹ್ಯಾಂಡಲ್ (ಕೆಳಕ್ಕೆ ಬಾಗಿದ ಹ್ಯಾಂಡಲ್) ಇರುವ ಸೈಕಲ್‌ಗಳಿಗೂ ಬಂತು.

ಅಂಗಡಿಯವರು ಯಾಕೆ ಆಫ್ ಮಾಡುತ್ತಾರೆ ಅಂತ ನನಗೆ ಅರ್ಥವಾಗುತ್ತೆ. ಗಿರಾಕಿ ಬರುತ್ತಾನೆ, ಸ್ಟ್ಯಾಂಡಿನ ಮೇಲೆ ಪೆಡಲ್ ತಿರುಗಿಸಿ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಲಿವರ್) ಒತ್ತಿ ನೋಡುತ್ತಾನೆ, ಹಗುರವಾಗಿ ಬಿದ್ದರೆ ಖುಷಿ. ಸ್ಟ್ಯಾಂಡಿನ ಮೇಲೆ ಯಾರ ಚೈನೂ ಕಳಚಿ ಬೀಳಲ್ಲ.

ಈಗ ಗಟ್ಟಿ ವಿಷಯ. ಕ್ಲಚ್ ಆನ್ ಇದ್ದಾಗ ದೊಡ್ಡ ಗೇರಿಗೆ ಹಾಕಲು ಹೆಬ್ಬೆರಳಿಗೆ ಸ್ವಲ್ಪ ಜಾಸ್ತಿ ಬಲ ಬೇಕು, ಅದು ಸಹಜ, ಯಾಕಂದರೆ ದೊಡ್ಡ ಗೇರಿಗೆ ಹೋಗುವಾಗ ಕೇಜ್ ಮುಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ ಸ್ವಲ್ಪವೇ. ಹಲ್ಲು ಕಚ್ಚಿ ಒತ್ತುವಷ್ಟು ಗಟ್ಟಿ ಇದ್ದರೆ ಬೇರೇನೋ ಕೆಟ್ಟಿದೆ. ಯಾವುದು ಅಂತ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಸಣ್ಣ ಗೇರಿನ ಕಡೆಗೆ ಬಿಟ್ಟು ನೋಡಿ. ಆ ಕಡೆಗೆ ಹೋಗುವಾಗ ಕೇಜ್ ಹಿಂದಕ್ಕೆ ಹೋಗುತ್ತದೆ, ಅಂದರೆ ಕ್ಲಚ್ ಅಡ್ಡ ಬರುವುದೇ ಇಲ್ಲ. ಶಿಫ್ಟರ್ ಕ್ಲಿಕ್ ಅಂದ ಮೇಲೂ ಚೈನ್ ಯೋಚನೆ ಮಾಡುತ್ತಾ ನಿಂತು, ಅರ್ಧ ಸುತ್ತು ಬಿಟ್ಟು ಬಿದ್ದರೆ, ಅಥವಾ ಎರಡು ಕ್ಲಿಕ್‌ಗೆ ಒಂದು ಗೇರ್ ಬಿದ್ದರೆ, ತಪ್ಪು ಹೆಚ್ಚಾಗಿ ಕೇಬಲ್‌ದು. ಡಿರೇಲರನ್ನು ಆ ಕಡೆಗೆ ತಳ್ಳುವುದು ಅದರ ದೇಹದ ಒಳಗಿನ ಇನ್ನೊಂದು ಸ್ಪ್ರಿಂಗ್, ತುಕ್ಕು ಹಿಡಿದ ಕೇಬಲನ್ನು ಎಳೆದುಕೊಂಡು ಹೋಗುವಷ್ಟು ಶಕ್ತಿ ಅದಕ್ಕಿಲ್ಲ. ಎರಡೂ ಕಡೆಗೆ ಗಟ್ಟಿ ಅಂದರೆ ಕೇಬಲ್. ದೊಡ್ಡ ಗೇರಿನ ಕಡೆಗೆ ಮಾತ್ರ ಗಟ್ಟಿ, ಸಣ್ಣ ಗೇರಿನ ಕಡೆಗೆ ಪಟ್ ಅಂತ ಬೀಳುತ್ತದೆ ಅಂದರೆ ಆಗ ಕ್ಲಚ್ ನೋಡಿ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸಿದ ಸೈಕಲ್, ಅದೂ ಸೆಕೆಂಡ್ ಹ್ಯಾಂಡ್, ಕೇಬಲ್ ಬದಲಿಸಿದ್ದಾರೆ ಅಂತ ಯಾರೂ ಹೇಳಿಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಹಿಂದಿನ ಡಿರೇಲರ್‌ಗೆ ಹೋಗುವ ಕೊನೆಯ ಔಟರ್ (ಕೇಬಲ್ ಓಡುವ ಹೊರ ಕೊಳವೆ) ತುಂಡು ಬಾಗಿಕೊಂಡು ಹೋಗುತ್ತಲ್ಲ, ಮಳೆ ನೀರು, ಕೆಸರು ಎಲ್ಲ ಅಲ್ಲೇ ಸೇರುತ್ತದೆ. ಕೇಬಲ್ ಮತ್ತು ಔಟರ್ ಎರಡನ್ನೂ ಬದಲಿಸಿ. ಬರೀ ಒಳಗಿನ ತಂತಿ ಹೊಸದು ಹಾಕಿ ಹಳೇ ಔಟರ್ ಉಳಿಸಿಕೊಂಡರೆ ದುಡ್ಡು ದಂಡ. ಔಟರ್ ಕೂಡ ಗೇರಿನದ್ದೇ ಆಗಬೇಕು, ಬ್ರೇಕಿನದ್ದನ್ನು ಕತ್ತರಿಸಿ ಹಾಕಬಾರದು, ಅದು ಒತ್ತಡಕ್ಕೆ ಕುಗ್ಗುತ್ತದೆ, ಗೇರ್ ಸರಿಯಾಗಿ ಕೂರಲ್ಲ. ಇಷ್ಟು ಮಾಡಿ ಕ್ಲಚ್ ಆನ್ ಮಾಡಿ ಓಡಿಸಿ ನೋಡಿ. ನಿಮ್ಮ ಗಟ್ಟಿ ಅಲ್ಲಿಗೇ ಹೋಗುತ್ತೆ ಅನ್ನುವುದು ನನ್ನ ಅಂದಾಜು. ಆಫ್ ಮಾಡಿದಾಗ ಹಗುರ ಅನ್ನಿಸಿದ್ದು ಕೇಬಲ್ ಸರಿಯಾಗಿದ್ದಕ್ಕಲ್ಲ, ಎರಡು ಭಾರದಲ್ಲಿ ಒಂದು ಇಳಿದಿದ್ದಕ್ಕೆ.

ಕ್ಲಚ್ಚನ್ನು ಪರೀಕ್ಷೆ ಮಾಡುವುದು ಇನ್ನೂ ಸುಲಭ. ಲಿವರ್ ಆಫ್ ಮಾಡಿ, ಕೇಜನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಿ. ಬರೀ ಸ್ಪ್ರಿಂಗ್ ಕೈಗೆ ಸಿಗುತ್ತದೆ. ಈಗ ಆನ್ ಮಾಡಿ ತಳ್ಳಿ. ಸ್ಪಷ್ಟವಾಗಿ ಗಟ್ಟಿ ಆಗಬೇಕು, ಆದರೆ ತಡೆತಡೆದು ಅಲ್ಲ, ಒಂದೇ ಸಮನೆ ಜಾರಬೇಕು. ಎರಡಕ್ಕೂ ವ್ಯತ್ಯಾಸವೇ ಗೊತ್ತಾಗದಿದ್ದರೆ ಹಿಡಿತ ಸವೆದಿದೆ ಅಥವಾ ಸಡಿಲ ಆಗಿದೆ. ಇನ್ನು ಮುಖ್ಯವಾದದ್ದು, ಆನ್‌ನಲ್ಲೇ ಮುಂದಕ್ಕೆ ತಳ್ಳಿ ಕೈ ಬಿಟ್ಟು ನೋಡಿ. ಕೇಜ್ ತಟ್ಟನೆ ಹಿಂದಕ್ಕೆ ಹೋಗಬೇಕು. ಸೋಮಾರಿಯಂತೆ ನಿಧಾನಕ್ಕೆ ಹೋದರೆ, ಅಥವಾ ಮಧ್ಯದಲ್ಲೇ ನಿಂತರೆ, ಒಳಗಿನ ರೋಲರ್‌ಗೆ ನೀರು ಹೋಗಿ ತುಕ್ಕು ಹಿಡಿದಿದೆ. ಸುಮ್ನೆ ಬಿಟ್ಟುಕೊಡಬೇಕಾದ ದಿಕ್ಕಿನಲ್ಲೂ ಅದು ಹಿಡಿದುಕೊಳ್ಳುತ್ತಿದೆ. ಇಂಥ ಸೈಕಲಿನಲ್ಲಿ ಸಣ್ಣ ಗೇರಿಗೆ ಬಂದಾಗ ಕೆಳಗಿನ ಚೈನ್ ಜೋತು ಬೀಳುತ್ತದೆ. ಕ್ಲಚ್‌ನಿಂದಲೇ ಚೈನ್ ಬೀಳುವುದು ಅಂದರೆ ಇದೊಂದೇ ಸಂದರ್ಭ.

ಆಗ ಏನು ಮಾಡಬೇಕು? ಶಿಮಾನೊ ಆದರೆ ಕ್ಲಚ್ ಮೇಲಿನ ಮುಚ್ಚಳವನ್ನು ಸಣ್ಣ ಸ್ಕ್ರೂಗಳನ್ನು ಬಿಚ್ಚಿ ತೆಗೆಯಬಹುದು. ಒಳಗಿನ ಹಳೇ ಗ್ರೀಸು, ಕೆಂಪು ನೀರು ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ, ತುಕ್ಕು ಮೇಲುಮೇಲಿನದಾದರೆ ತೆಗೆದು, ಹೊಸ ಗ್ರೀಸ್ ಹಚ್ಚಿ ಮುಚ್ಚಬಹುದು. ಯಾವ ಗ್ರೀಸ್ ಅನ್ನುವುದು ಮುಖ್ಯ. ಇದಕ್ಕೆ ಅಂತಲೇ ಶಿಮಾನೊ ಬೇರೆ ಗ್ರೀಸ್ ಕೊಡುತ್ತದೆ, ಅದನ್ನೇ ತರಿಸಿ. ಬೇರಿಂಗಿಗೆ ಹಾಕುವ ಗ್ರೀಸ್ ಡಬ್ಬಿ ಪಕ್ಕದಲ್ಲಿದೆ ಅಂತ ಬೆರಳು ಅದ್ದಬೇಡಿ. ಇಲ್ಲಿ ನಮಗೆ ಬೇಕಿರುವುದು ಒಂದು ಅಳತೆಯ ಹಿಡಿತ, ಪೂರ್ತಿ ಜಾರುವಿಕೆ ಅಲ್ಲ. ಮುಚ್ಚಳದ ಒಳಗಿನ ರಬ್ಬರ್ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಅದೇ ಕಥೆ. ಸ್ಕ್ರೂ ಸಣ್ಣವು, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ.

ಹಿಡಿತ ಸಡಿಲ ಆಗಿದ್ದರೆ ಶಿಮಾನೊದ ಬಹಳಷ್ಟು ಮಾಡೆಲ್‌ಗಳಲ್ಲಿ ಬಿಗಿ ಮಾಡಲು ಜಾಗ ಇದೆ. ಕೆಲವದರಲ್ಲಿ ಸಣ್ಣ ಪ್ಲಗ್ ತೆಗೆದರೆ ಸಿಗುತ್ತದೆ, ಕೆಲವದರಲ್ಲಿ ಮುಚ್ಚಳವನ್ನೇ ತೆಗೆಯಬೇಕು. ಡಿರೇಲರ್ ಹಿಂದೆ ಮಾಡೆಲ್ ನಂಬರ್ ಇರುತ್ತದೆ, ಅದರ ಮ್ಯಾನುಯಲ್ ಶಿಮಾನೊದವರು ಆನ್‌ಲೈನ್‌ನಲ್ಲಿ ಫ್ರೀಯಾಗಿ ಇಟ್ಟಿದ್ದಾರೆ, ನೋಡಿಕೊಂಡು ಕೈ ಹಾಕಿ. ಲಿವರ್ ಆನ್ ಇಟ್ಟು, ಸ್ವಲ್ಪಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಕೇಜ್ ತಳ್ಳಿ ನೋಡಿ. ಜಾಸ್ತಿ ಬಿಗಿದರೆ ಜಾಸ್ತಿ ಒಳ್ಳೆಯದು ಅನ್ನುವ ಹಾಗೇನಿಲ್ಲ. ಬಿಗಿದಷ್ಟೂ ದೊಡ್ಡ ಗೇರಿಗೆ ಹಾಕುವುದು ಕಷ್ಟ.

ಶ್ರಾಮ್ ಇದ್ದವರಿಗೆ ಈ ಕೆಲಸ ಇಲ್ಲ, ಆ ಸೌಕರ್ಯವೂ ಇಲ್ಲ. ಅವರ ಕ್ಲಚ್‌ಗೆ ಆನ್-ಆಫ್ ಲಿವರ್ ಇರಲ್ಲ, ಯಾವಾಗಲೂ ಆನ್. ಬದಲಿಗೆ ಬೀಗದ ಚಿತ್ರ ಇರುವ ಒಂದು ಬಟನ್ ಕೊಟ್ಟಿರುತ್ತಾರೆ. ಕೇಜನ್ನು ಮುಂದಕ್ಕೆ ತಳ್ಳಿ ಅದನ್ನು ಒತ್ತಿದರೆ ಕೇಜ್ ಅಲ್ಲೇ ನಿಲ್ಲುತ್ತದೆ, ಚಕ್ರ ತೆಗೆಯಲು ಸಲೀಸು. ಕೇಜನ್ನು ಇನ್ನೊಂಚೂರು ಮುಂದಕ್ಕೆ ತಳ್ಳಿದರೆ ಬಟನ್ ಬಿಟ್ಟುಕೊಳ್ಳುತ್ತದೆ. ತಳ್ಳಿದ ಕೇಜನ್ನು ಹಾಗೇ ಕೈ ಬಿಡಬೇಡಿ, ಹಿಡಿದುಕೊಂಡೇ ನಿಧಾನಕ್ಕೆ ಬಿಡಿ.

ನಿಮ್ಮ ಸೈಕಲಿನಲ್ಲಿ ಹಿಂದಿನ ಚಕ್ರ ತೆಗೆಯುವಾಗ ಮೊದಲು ಅತಿ ಸಣ್ಣ ಗೇರಿಗೆ ಹಾಕಿ, ಆಮೇಲೆ ಲಿವರ್ ಆಫ್ ಮಾಡಿ. ಆನ್‌ನಲ್ಲೇ ತೆಗೆಯಲು ಹೋದರೂ ಬರುತ್ತದೆ, ಏನೂ ಮುರಿಯಲ್ಲ, ಆದರೆ ಕೈಯೆಲ್ಲ ಮಸಿ ಮಾಡಿಕೊಂಡು ಕೇಜ್ ಜೊತೆ ಕುಸ್ತಿ ಆಡಬೇಕು. ಚಕ್ರ ವಾಪಸ್ ಹಾಕಿದ ಮೇಲೆ ಆನ್ ಮಾಡಲು ಮರೆಯುವುದು ಎಲ್ಲರಿಗೂ ಆಗುವುದೇ. ಮೊದಲ ಹಂಪ್‌ನಲ್ಲೇ ಚೈನ್ ನೆನಪಿಸುತ್ತದೆ, ಬಿಡಿ.

ಇನ್ನೊಂದು ಮಾತು, ಸೈಕಲ್ ತೊಳೆಯುವ ಬಗ್ಗೆ. ಕೆಸರಾದ ಸೈಕಲನ್ನು ಬೈಕ್, ಜೀಪ್ ತೊಳೆಯುವ ವಾಟರ್ ಸರ್ವಿಸ್‌ಗೆ ತಗೊಂಡು ಹೋಗುವ ಅಭ್ಯಾಸ ನಮ್ಮ ಕಡೆ ಇದೆ. ಆ ಪ್ರೆಷರ್ ಗನ್ ಹತ್ತಿರದಿಂದ ಡಿರೇಲರ್‌ಗೆ ಹಿಡಿದರೆ ಕ್ಲಚ್ ಒಳಗೆ ನೀರು ನುಗ್ಗುತ್ತದೆ, ತುಕ್ಕಿನ ಕಥೆ ಶುರುವಾಗುವುದು ಹಾಗೆ. ಆಮೇಲೆ ಡೀಸೆಲ್ ಬೇರೆ ಸ್ಪ್ರೇ ಮಾಡುತ್ತಾರೆ, ಇದ್ದ ಗ್ರೀಸೂ ತೊಳೆದು ಹೋಗುತ್ತದೆ. ಮನೆಯಲ್ಲೇ ಬಕೆಟ್, ಬ್ರಶ್ಶು, ಸೋಪಿನ ನೀರು ಸಾಕು. ಕ್ಲಚ್ ಜಾಗಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದೂ ಬೇಡ. ಆ ದಿನಕ್ಕೆ ಸರಿಹೋದ ಹಾಗೆ ಕಾಣುತ್ತದೆ, ಆಮೇಲೆ ಹಿಡಿತವೂ ಇಲ್ಲ, ಗ್ರೀಸೂ ಇಲ್ಲ.

ಕ್ಲಚ್ ಚೆನ್ನಾಗಿದೆ, ಆನ್ ಇದೆ, ಆದರೂ ಚೈನ್ ಬೀಳುತ್ತಿದೆ ಅಂದರೆ ಮುಂದಿನ ರಿಂಗ್ ನೋಡಿ. ಹಳೇ ಮಾಲೀಕರು ಸವೆದ ರಿಂಗ್ ತೆಗೆದು ಸಾದಾ ರಿಂಗ್ ಹಾಕಿರಬಹುದು. ದಪ್ಪ-ತೆಳು ಹಲ್ಲು ಕಾಣದಿದ್ದರೆ ಅದೇ ಕಾರಣ. ಚೈನ್ ಉದ್ದ ಜಾಸ್ತಿ ಇದ್ದರೂ ಹೀಗೇ ಆಗುತ್ತದೆ, ಅತಿ ಸಣ್ಣ ಗೇರಿನಲ್ಲಿ ಕೇಜ್ ಪೂರ್ತಿ ಹಿಂದಕ್ಕೆ ಮಡಚಿಕೊಂಡ ಮೇಲೂ ಚೈನ್ ಜೋಲುತ್ತಿದ್ದರೆ ಕ್ಲಚ್ ಏನೂ ಮಾಡಲು ಆಗಲ್ಲ. ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ತುಂಡು) ಸೊಟ್ಟ ಆಗಿದ್ದರೆ ಗೇರೇ ನೆಟ್ಟಗೆ ಕೂರಲ್ಲ, ಅದು ಬೇರೆ ಕಾಯಿಲೆ, ಆದರೆ ಸೆಕೆಂಡ್ ಹ್ಯಾಂಡ್ ಸೈಕಲಿನಲ್ಲಿ ಒಮ್ಮೆ ನೋಡಿಸಿಬಿಡಿ.

ನಿಮ್ಮ ತಮ್ಮನ ಸೈಕಲ್‌ಗೆ ಬೇಡ. ಎರಡು ಕಾರಣ. ಮುಂದೆ ಮೂರು ರಿಂಗ್ ಇದೆ ಅಂದರೆ ಮುಂದಿನ ಡಿರೇಲರ್ ಇದೆ, ಚೈನ್ ಪಕ್ಕಕ್ಕೆ ಜಾರದಂತೆ ಅದೇ ಸಾಕಷ್ಟು ತಡೆಯುತ್ತದೆ, ಮತ್ತು ಹಾಸನದಿಂದ ಬೇಲೂರಿಗೋ ಗೊರೂರಿಗೋ ಟಾರ್ ಮೇಲೆ ಹೋಗಿ ಬರುವವರಿಗೆ ಚೈನ್ ಬಡಿತ ಅಷ್ಟು ದೊಡ್ಡ ತಲೆನೋವಲ್ಲ. ಇನ್ನೊಂದು, ಅದು ಕೂರಲ್ಲ. 8 ಗೇರಿನ ಶಿಮಾನೊ ಶಿಫ್ಟರ್ ಒಂದು ಕ್ಲಿಕ್‌ಗೆ ಎಳೆಯುವ ಕೇಬಲ್ ಅಳತೆಗೆ ಹಳೇ ಅಳತೆಯ ಡಿರೇಲರ್‌ಗಳೇ ಬೇಕು. 10 ಗೇರಿನ ಎಂಟಿಬಿ ಸೆಟ್‌ನಿಂದ ಶಿಮಾನೊ ಆ ಅಳತೆಯನ್ನೇ ಬದಲಿಸಿತು, ಕ್ಲಚ್ ಬಂದದ್ದು ಅದರ ನಂತರ. ಹಾಗಾಗಿ ಒಳ್ಳೆಯ ಕ್ಲಚ್ ಡಿರೇಲರ್ ತಂದು ಅವರ ಶಿಫ್ಟರ್‌ಗೆ ಜೋಡಿಸಿದರೆ ಗೇರ್ ಹಲ್ಲುಹಲ್ಲಿನ ನಡುವೆ ನಿಲ್ಲುತ್ತದೆ. ಕ್ಲಚ್ ಬೇಕೇ ಬೇಕು ಅಂದರೆ ಶಿಫ್ಟರ್, ಕ್ಯಾಸೆಟ್, ಚೈನ್, ಡಿರೇಲರ್ ಎಲ್ಲ ಬದಲಿಸಬೇಕು. ಕಡಿಮೆ ಖರ್ಚಿನಲ್ಲಿ ಅಂದರೆ ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಅನ್ನುವ 9 ಗೇರಿನ ಸೆಟ್‌ನಲ್ಲಿ ಆನ್-ಆಫ್ ಇರುವ ಕ್ಲಚ್ ಇದೆ, ಆದರೆ ಅದಕ್ಕೂ ಅದರದ್ದೇ ಶಿಫ್ಟರ್ ಬೇಕು. ಸಾದಾ 3x8 ಸೈಕಲಿಗೆ ಅಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣಲ್ಲ. ಬಡಿತದ ಸದ್ದು ಕಿರಿಕಿರಿ ಅನ್ನಿಸಿದರೆ ಚೈನ್‌ಸ್ಟೇಗೆ ಪಂಕ್ಚರ್ ಅಂಗಡಿಯ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿ, ತುದಿಗೆ ಜಿಪ್ ಟೈ ಹಾಕಲು ಹೇಳಿ. ಇಳಿಯುವಾಗ ಮುಂದೆ ನಡುವಿನ ಅಥವಾ ದೊಡ್ಡ ರಿಂಗಿನಲ್ಲಿರಲಿ, ಆಗ ಕೇಜ್ ಚೈನನ್ನು ಜಾಸ್ತಿ ಎಳೆದು ಹಿಡಿದಿರುತ್ತದೆ.

ನಿಮ್ಮದಕ್ಕೂ ಟ್ಯೂಬ್ ಸುತ್ತಬಹುದು. ಕ್ಲಚ್ ಆನ್ ಇದ್ದರೂ ಚೈನ್ ಪೂರ್ತಿ ಮೌನ ಆಗಲ್ಲ, ಎಸ್ಟೇಟ್ ನಾಯಿಗಳಿಗೆ ದೂರದಿಂದಲೇ ಸುದ್ದಿ ಮುಟ್ಟುವುದು ಸ್ವಲ್ಪ ಕಡಿಮೆ ಆಗುತ್ತದೆ. ಮೊದಲು ಕೇಬಲ್ ಮತ್ತು ಔಟರ್ ಬದಲಿಸಿ, ಗೇರ್ ಹೊಂದಿಸಿ, ಲಿವರ್ ಆನ್ ಮಾಡಿ ಅದೇ ತೋಟದ ದಾರಿಯಲ್ಲಿ ಇಳಿದು ನೋಡಿ. ಆಮೇಲೂ ದೊಡ್ಡ ಗೇರಿಗೆ ಗಟ್ಟಿ ಇದ್ದರೆ ಡಿರೇಲರ್ ಹಿಂದಿನ ಮಾಡೆಲ್ ನಂಬರ್, ಕೇಜ್ ಕೈ ಬಿಟ್ಟಾಗ ಹೇಗೆ ವಾಪಸ್ ಹೋಗುತ್ತದೆ ಅನ್ನುವುದು, ಇವೆರಡನ್ನು ಬರೆದು ಕಳಿಸಿ.